ಙೆಗೆ

ಬೆಳಗಿನ ಆರಕ್ಕೆ ರಿಸ್ಪರ್ ಅಕೋಕೋ
ತೊಡೆಮಟ್ಟದ ನೀರಿಗಿಳಿಯುತ್ತಾಳೆ.
ಬಲೆಯ ತೊಟ್ಟಿಲ ಮೂಲೆಗೆ ಮೀನುಗಳನ್ನು ಸರಿಸಿ
ಒಂದೊಂದನ್ನೇ ಹಿಡಿದು, ತಲೆ ಕೆಳಗೆ ಮಾಡಿ,
ಕಿರುಬೆರಳಲ್ಲಿ ಕೆಳದವಡೆ ಮೀಟುತ್ತಾಳೆ.
ಬಾಯಿ ತೆರೆ, ತಾಯಿ.

ಬೋಗುಣಿಗೆ ಸುರಿಯುತ್ತದೆ ನವಣೆ.
ನವಣೆಯಲ್ಲ, ಮೊಟ್ಟೆ: ಮುನ್ನೂರು, ಮುನ್ನೂರೈವತ್ತು.
ಕೆಲವಕ್ಕೆ ಆಗಲೇ ಎರಡು ಕಪ್ಪು ಚುಕ್ಕೆ;
ಕಣ್ಣು ಬಂದಿದೆ,
ನೋಡಲು ಇನ್ನೂ ಏನೂ ಬಂದಿಲ್ಲ.

ಹತ್ತು ಹನ್ನೆರಡು ದಿನ
ಈ ಜಾತಿಯ ತಾಯಿ ಒಂದಗುಳೂ ಮುಟ್ಟುವುದಿಲ್ಲ.
ಹೊಟ್ಟೆ ಬಾಯಿ ಕಟ್ಟಿ ಸಾಕಿದಳು ಎನ್ನುತ್ತೇವಲ್ಲ
ನಾವು, ಯಾರದೋ ಸಾವಿನ ಮನೆಯಲ್ಲಿ ಕೂತು,
ಇಲ್ಲಿ ಅದು ಮಾತಲ್ಲ, ಅಂಗರಚನೆ.
ಗಲ್ಲ ಉಬ್ಬಿಸಿ, ಒಳಗೊಳಗೇ ಮುಕ್ಕಳಿಸಿ
ಮೊಟ್ಟೆಗಳ ಮಗ್ಗುಲು ಬದಲಿಸುತ್ತಾಳೆ
ಬೂಸು ಹತ್ತದ ಹಾಗೆ.

ರಿಸ್ಪರ್ ತೆಗೆದದ್ದನ್ನು ಗಾಜಿನ ಜಾಡಿ ಸಾಕುತ್ತದೆ.
ಪಂಪು ಬುಳುಬುಳು ಎನ್ನುವವರೆಗೆ ಜಾಡಿಯೇ ಬಾಯಿ.
ಆಮೇಲೆ ಇಪ್ಪತ್ತೊಂದು ದಿನ ಹಾರ್ಮೋನು ಬೆರೆತ ಹಿಟ್ಟು;
ಹೆಣ್ಣಾಗಬೇಕಿದ್ದವೂ ಗಂಡಾಗುತ್ತವೆ.
ಗಂಡು ಬೇಗ ತೂಗುತ್ತದೆ.
ಹೆಣ್ಣು ಅಂಗೈಯಗಲ ಆಗುವಷ್ಟರಲ್ಲೇ
ಬಾಯ್ತುಂಬ ಮಕ್ಕಳು ಮಾಡಿಕೊಂಡು ಬೆಳೆಯುವುದನ್ನೇ ನಿಲ್ಲಿಸುತ್ತದೆ
ಎಂದು ಮಾಲೀಕ ಒಗ್ವೆನೋ ಗೋಡೆಗಂಟಿಸಿದ ಪಟ್ಟಿ ಹೇಳುತ್ತದೆ.
'ನನ್ನ ತಂಗಿಯ ಬಗ್ಗೆ ಬರೆದಂತಿದೆ'
ಎಂದಿದ್ದಳು ರಿಸ್ಪರ್ ಒಮ್ಮೆ, ಬೂಟಿನ ನೀರು ಚೆಲ್ಲುತ್ತ.
ನಕ್ಕಳೋ ಇಲ್ಲವೋ, ನೆನಪಿಲ್ಲ.

ಆಗಸ್ಟಿನ ಒಂದು ರಾತ್ರಿ ಗಾಳಿ ತಿರುಗಿ
ನಾಮ್ ಲೋಲ್ವೆ ಸರೋವರ
ತನ್ನ ತಳವನ್ನು ತಾನೇ ಮೇಲೆ ತಂದಿತು.
ಉಸಿರಿಲ್ಲದ ನೀರು, ಕಪ್ಪು, ಗಂಧಕದ ನಾತ.
ಬೆಳಗಾದಾಗ ಪಂಜರಗಳಲ್ಲಿ ಹದಿನಾರು ಟನ್ನು ಗಂಡುಗಳು
ಹೊಟ್ಟೆ ಮೇಲೆ ಮಾಡಿ, ಬಿಳಿ ಬಿಳಿ.
ಮೂರು ದಿನ ಹೂತರು. ನಾಯಿಗಳೂ ಸಾಕೆಂದವು.
ಪಂಜರದಾಚೆಯ ಮೀನುಗಳು
ರಾತ್ರಿಯೇ ಎದ್ದು ಬೇರೆ ನೀರಿಗೆ ಹೋಗಿದ್ದವು.

'ತಳಿ ಸೊರಗಿದೆ, ಎಲ್ಲ ಅಣ್ಣತಂಗಿಯರ ಪೀಳಿಗೆ,
ಹೊಸ ರಕ್ತ ಬೆರೆಸಿ ನೋಡೋಣ' ಎಂದ ಒಗ್ವೆನೋ.
ರಿಸ್ಪರಳ ಸೋದರಮಾವ ಅಟಿಗಾ
ಜೊಂಡಿನ ಹಿಂದಿನ ಸಣ್ಣ ಕೆರೆಯಿಂದ
ಬಕೆಟ್ಟಿನಲ್ಲಿ ತಂದ, ಮೇಲೆ ಒದ್ದೆ ಗೋಣಿ ಹೊದಿಸಿ:
ಙೆಗೆ.
ಹಳೆಯ ಸರೋವರದ ಮೀನು. ಹೊರಗಿಂದ ತಂದು ಬಿಟ್ಟ
ದೈತ್ಯ ಮೀನಿಗೆ ಹೆದರಿ ಬದಿಗೆ ಸರಿದು ಉಳಿದದ್ದು.
ನಮ್ಮ ವರ್ಣಮಾಲೆಯಲ್ಲಿ ಬರೀ ಜಾಗ ಹಿಡಿದು ಕೂತಿದ್ದ ಅಕ್ಷರ,
ಮಕ್ಕಳು ಮೂಗಿನಲ್ಲೊಮ್ಮೆ ಓದಿ
ಆಯುಷ್ಯವಿಡೀ ಮರೆಯುವ ಙ,
ಇಲ್ಲೊಂದು ಮೀನಿನ ಹೆಸರಿನ ಮುಂದೆ ಈಜುತ್ತಿತ್ತು.

ಸಣ್ಣದು. ಬಾಲದಲ್ಲೊಂದು ಕಚ್ಚಿದ ಗಾಯ.
ಹಾಕಿದ ಗುಳಿಗೆಗಳು ತಳದಲ್ಲಿ ಊದಿ ಕೊಳೆತವು.
ನಾಲ್ಕನೆಯ ವಾರ
ತೊಟ್ಟಿಯ ಹಸಿರು ನೀರನ್ನೇ ಸೋಸಿ ತಿನ್ನತೊಡಗಿತು.
ಗಾಯಕ್ಕೆ ರಿಸ್ಪರ್ ಉಪ್ಪುನೀರು ಹಿಡಿದಳು.
ಐದನೆಯ ತಿಂಗಳು
ಗಲ್ಲ ತುಂಬಿತು.

ಬೋಗುಣಿ ಬಂತು.
ಕಿರುಬೆರಳು ದವಡೆಗೆ ತಾಗುವ ಮೊದಲೇ
ಗಂಟಲಲ್ಲೊಂದು ಅಲುಗು.
ಇನ್ನೊಂದು.
ಬಾಯಿ ತೆರೆದಾಗ ಒಳಗೆ ಬೆಳಕಷ್ಟೇ.

ಬೆದರಿದ ಮೀನು ಹೀಗೆ ಮಾಡುತ್ತದೆ,
ಇದರಲ್ಲಿ ಹಟವಿಲ್ಲ, ಸೇಡಿಲ್ಲ ಎಂದರು ತಿಳಿದವರು.
ಇರಬಹುದು.
ಮೀನಿನ ಹೆಜ್ಜೆ ಹುಡುಕುವವಳಲ್ಲ ರಿಸ್ಪರ್.
ದಾಖಲೆ ಪುಸ್ತಕದ ಆ ಸಾಲಿಗೆ ಸೊನ್ನೆ ಬರೆದಳು.
ಸೊನ್ನೆ ಮೊಟ್ಟೆಯ ಹಾಗೇ ಕಂಡಿತು.
ಹೊಡೆದುಹಾಕಿ, ಅಕ್ಷರದಲ್ಲಿ ಬರೆದಳು: ಇಲ್ಲ.

'ಮತ್ತೆ ಎಷ್ಟು ದಿನ?' ಎಂದ ಒಗ್ವೆನೋ.
'ಮೊದಲು ಅವಳು ಉಣ್ಣಲಿ.'

ಮಧ್ಯಾಹ್ನ ಕಟ್ಟೆಯ ಮೇಲೆ ಕೂತು
ಉಗಾಲಿಯ ಡಬ್ಬಿ ಬಿಚ್ಚಿದಳು, ಜೊತೆಗೆ ಬೇಯಿಸಿದ ಸೊಪ್ಪು.
ಎರಡೂ ಗಲ್ಲ ಉಬ್ಬುವಷ್ಟು ತುಂಬಿಕೊಂಡು
ನಿಧಾನಕ್ಕೆ ಅಗಿದಳು, ಜಾಡಿಗಳ ಕಡೆ ಬೆನ್ನು ಹಾಕಿ.
ಯಾರೋ ಕೂಗಿದರು, ರಿಸ್ಪರ್, ರಿಸ್ಪರ್, ಪಂಪು ನಿಂತಿದೆ.
ಅವಳು ಒಂದು ಕೈ ಎತ್ತಿ ತೋರಿಸಿದಳು:
ತಾಳು,
ಬಾಯಲ್ಲಿದೆ.